ಕ್ಯೂ7 ಏರ್ ಸಸ್ಪೆನ್ಷನ್: ಸೆನ್ಸರ್ ಕಡ್ಡಿ ಬದಲಿಸದೆ ಕ್ಯಾಲಿಬ್ರೇಷನ್‌ನಲ್ಲೇ 40 ಮಿ.ಮೀ. ಇಳಿಸಬಹುದಾ?

ಮೋಕಾರಸ್ತೆ_ಟಿಡಿಐ

ಎಲ್ಲರಿಗೂ ನಮಸ್ಕಾರ. ಗಾಡಿ ಆಡಿ ಕ್ಯೂ7, ಮೊದಲ ತಲೆಮಾರಿನದು, 2013ರ 3.0 ಟಿಡಿಐ. ನಾಲ್ಕೂ ಕಡೆ ಏರ್ ಸಸ್ಪೆನ್ಷನ್, ಟೈರು 275/45 ಆರ್20. ಓಡಾಟ ಹೆಚ್ಚಾಗಿ ಬಳ್ಳಾರಿ ಊರೊಳಗೆ, ವಾರಕ್ಕೊಮ್ಮೆ ತೋರಣಗಲ್ಲು ಸಂಡೂರು ಕಡೆ, ಆಗಾಗ ಬೆಂಗಳೂರು.

ಆಟೋಮ್ಯಾಟಿಕ್ ಮೋಡಿನಲ್ಲಿ (ಮಾಮೂಲಿ ಎತ್ತರ) ಗಾಡಿ ಪಂಚೆ ಎತ್ತಿ ಕಟ್ಟಿಕೊಂಡು ನಿಂತ ಹಾಗೆ ಕಾಣುತ್ತೆ. ಒಂದು 40 ಮಿ.ಮೀ. ಇಳಿಸಬೇಕು ಅಂತ ಆಸೆ. ಎರಡು ದಾರಿ ಹೇಳ್ತಿದ್ದಾರೆ. ಎತ್ತರ ಅಳೆಯೋ ಲೆವೆಲ್ ಸೆನ್ಸರ್‌ಗೆ ಉದ್ದ ಹೆಚ್ಚುಕಮ್ಮಿ ಮಾಡೋ ಕಡ್ಡಿ ಹಾಕೋದು ಒಂದು. ಲ್ಯಾಪ್‌ಟಾಪ್ ಹಚ್ಚಿ ಕ್ಯಾಲಿಬ್ರೇಷನ್‌ನಲ್ಲೇ ಇಳಿಸೋದು ಇನ್ನೊಂದು. ವಿಸಿಡಿಎಸ್ (ಲ್ಯಾಪ್‌ಟಾಪಿನಿಂದ ಗಾಡಿಯ ಕಂಟ್ರೋಲ್ ಯೂನಿಟ್ ಓದಿ ಬದಲಿಸೋ ಸಾಫ್ಟ್‌ವೇರ್) ಅಸಲಿ ಕೇಬಲ್ ಇದೆ. ಯಾವ ಅಂಕಿ ಎಲ್ಲಿ ಹಾಕಬೇಕು? 40 ತಡೆಯುತ್ತಾ? ಬೇಡ ಅನ್ನಿಸಿದರೆ ಹಳೇ ಎತ್ತರಕ್ಕೆ ತರೋಕಾಗುತ್ತಾ? ಹೆಡ್‌ಲೈಟು, ಟೈರು ಏನಾಗುತ್ತೆ?

ಸದ್ಯಕ್ಕೆ ಯಾವ ಫಾಲ್ಟ್ ಕೋಡೂ ಇಲ್ಲ. ಆದರೆ ಮುಂದೆ ಎಡಗಡೆ ಬಲಕ್ಕಿಂತ 4 ಮಿ.ಮೀ. ಎತ್ತರ ಇದೆ, ಅಳೆದು ನೋಡಿದ್ದೇನೆ.

ಸ್ಪ್ಯಾನರ್_ಗಂಗಾವತಿ

ಮೊದಲು ಆ 40 ಮರೆತುಬಿಡ್ರಿ ಅಣ್ಣ. 20ರ ಲೆಕ್ಕದಾಗ ಮಾತಾಡೋಣ, ಯಾಕಂತ ಆಮೇಲೆ ಹೇಳ್ತೀನಿ.

ಕ್ಯಾಲಿಬ್ರೇಷನ್ ಅಂದ್ರೆ ಗಾಡಿಗೆ "ಕೆಳಗಿಳಿ" ಅಂತ ಹೇಳೋದಲ್ಲ. "ನೀನು ಈಗ ಇಷ್ಟು ಎತ್ತರದಾಗ ನಿಂತಿದ್ದಿ" ಅಂತ ಹೇಳೋದು. ನಾಲ್ಕೂ ಸೆನ್ಸರ್ ಕೊಡೋದು ಬರೇ ಸಿಗ್ನಲ್ಲು. ಆ ಸಿಗ್ನಲ್ಲಿಗೆ ಎಷ್ಟು ಮಿ.ಮೀ. ಅನ್ನೋದು ಕಂಟ್ರೋಲ್ ಯೂನಿಟ್‌ಗೆ ತಾನಾಗೇ ಗೊತ್ತಿರಲ್ಲ, ನಾವು ಟೇಪ್ ಹಿಡಿದು ಅಳೆದು ಹೇಳಬೇಕು. ಇರಬೇಕಾದ ಎತ್ತರ ಎಷ್ಟು ಅನ್ನೋದು ಅದರೊಳಗೆ ಮೊದಲೇ ಬರೆದೈತೆ. ಹಂಗಾಗಿ ನಿಜದ ಎತ್ತರಕ್ಕೆ 20 ಕೂಡಿಸಿ ಹೇಳಿದ್ರೆ, "ಅರೆ, 20 ಮೇಲಿದ್ದೀನಲ್ಲ" ಅಂದ್ಕೊಂಡು ಗಾಳಿ ಬಿಟ್ಟು 20 ಇಳಿತೈತೆ. ಇಳಿಸೋಕೆ ದೊಡ್ಡ ಅಂಕಿ, ಏರಿಸೋಕೆ ಸಣ್ಣ ಅಂಕಿ. ಹತ್ತರಲ್ಲಿ ಆರು ಮಂದಿ ಇದನ್ನ ಉಲ್ಟಾ ಮಾಡಿ, ಗಾಡಿ ಮೇಲೆದ್ದ ಮೇಲೆ ಕೇಬಲ್ ಕೆಟ್ಟೈತೆ ಅಂತಾರೆ.

ಅಳತೆ ಎಲ್ಲಿಂದ ಅಂದ್ರೆ, ವೀಲ್ ಹಬ್ಬಿನ ನಟ್ಟ ನಡುವಿನಿಂದ ನೇರ ಮೇಲಕ್ಕೆ, ಫೆಂಡರ್ ಅಂಚಿನ ಕೆಳತುದಿವರೆಗೆ. ನೆಲದಿಂದ ಅಳೀಬೇಡ್ರಿ. ನೆಲದಿಂದ ಅಳೆದ್ರೆ ಟೈರಿನ ಸವೆತ, ಗಾಳಿ ಎಲ್ಲಾ ಲೆಕ್ಕದೊಳಗೆ ಬರ್ತಾವು. ಹಬ್ಬಿನಿಂದ ಅಳೆದ್ರೆ ಸಸ್ಪೆನ್ಷನ್ ಒಂದೇ.

ಜಾಗ ಸಮ ಇರಬೇಕು. ಪರಸಿ ಹಾಕಿದ ಶೆಡ್ಡು ಕಣ್ಣಿಗೆ ಸಮ ಕಾಣ್ತೈತೆ, ಆದ್ರೆ ನೀರು ಹರಿಯೋಕಂತ ಒಂದು ಕಡೆ ವಾಟ ಕೊಟ್ಟಿರ್ತಾರೆ. ಗಾರೆ ಕೆಲಸದೋರು ಬಳಸೋ ನೀರಿನ ಪೈಪ್ ತಗೊಂಡು ನಾಲ್ಕೂ ಗಾಲಿ ಬರೋ ಜಾಗ ನೋಡ್ಕೊಳ್ರಿ. ಒಂದು ಮೂಲೆ ಮಾತ್ರ ತಗ್ಗಿದ್ರೆ ಭಾರ ಕರ್ಣಕ್ಕೆ ಬೀಳ್ತೈತೆ, ಅಳತೆ ಸುಳ್ಳಾಗ್ತೈತೆ.

ಇನ್ನು ಕೆಲಸ. ಗಾಡಿ ಖಾಲಿ, ಡಿಕ್ಕಿಯೊಳಗೆ ಮೂಟೆ ಪಾಟೆ ಏನೂ ಬೇಡ. ಟೈರಿಗೆ ಸರಿ ಗಾಳಿ, ಬಾಗಿಲೆಲ್ಲ ಹಾಕಿರಬೇಕು, ಒಳಗೆ ಯಾರೂ ಕೂರಬಾರದು. ಲ್ಯಾಪ್‌ಟಾಪ್ ವೈರು ಕಿಟಕಿಯಿಂದ ಹೊರಗೆ ತಗೊಳ್ರಿ. ಆಟೋಮ್ಯಾಟಿಕ್ ಮೋಡಿಗೆ ಹಾಕಿ ಎಂಜಿನ್ ಚಾಲೂ ಇಡ್ರಿ, ಶೆಡ್ಡಿನ ಶಟರ್ ಪೂರ್ತಿ ತೆಗೆದಿರ್ರಿ. ಗಾಡಿನ ಎರಡು ಮೀಟರ್ ಹಿಂದೆ ಮುಂದೆ ಉರುಳಿಸಿ ನಿಲ್ಲಿಸ್ರಿ. ಇಲ್ಲಾಂದ್ರೆ ಟೈರು ನೆಲಕ್ಕೆ ಕಚ್ಚಿಕೊಂಡು ಗಾಲಿ ಹಿಡಿದಿರೋ ತೋಳುಗಳು ಪೂರ್ತಿ ಸಡಿಲ ಆಗಿರಲ್ಲ, 3-4 ಮಿ.ಮೀ. ತಪ್ಪು ಅಲ್ಲೇ ಬರ್ತೈತೆ.

ವಿಸಿಡಿಎಸ್‌ನಾಗ 34 ಲೆವೆಲ್ ಕಂಟ್ರೋಲ್ ಯೂನಿಟ್ ತೆಗೀರಿ. ಮೊದಲು ಫಾಲ್ಟ್ ಓದಿ, ಇದ್ರೆ ಅದನ್ನ ಸರಿ ಮಾಡಿ ಅಳಿಸ್ರಿ. ಆಮೇಲೆ ಸೆಕ್ಯುರಿಟಿ ಆಕ್ಸೆಸ್ 16, ಕೋಡ್ 31564. ಲಾಗಿನ್ ಆದ ಮೇಲೆ ಗಾಡಿ ತಾನೇ ಸ್ವಲ್ಪ ಏರಿಳಿಬಹುದು, ಕೈ ಕಾಲು ಗಾಲಿ ಹತ್ರ ಇಡಬೇಡ್ರಿ. ಪೂರ್ತಿ ನಿಂತ ಮೇಲೆ ನಾಲ್ಕೂ ಅಳತೆ ತಗೊಂಡು ಚೀಟಿಯಾಗ ಬರ್ಕೊಳ್ರಿ. ಅಡಾಪ್ಟೇಷನ್ 10ಕ್ಕೆ ಹೋಗಿ ಚಾನೆಲ್ 1 ಮುಂದಿನ ಎಡ, 2 ಮುಂದಿನ ಬಲ, 3 ಹಿಂದಿನ ಎಡ, 4 ಹಿಂದಿನ ಬಲ. ಪ್ರತಿಯೊಂದರಲ್ಲೂ ಅಂಕಿ ಹಾಕಿ, ಟೆಸ್ಟ್ ಒತ್ತಿ, ಸೇವ್ ಮಾಡ್ರಿ. ಕೊನೆಗೆ ಚಾನೆಲ್ 5ರಲ್ಲಿ 1 ಹಾಕಿ ಸೇವ್. ಈ ಐದನೇದು ಮರೆತ್ರೆ ಮೊದಲಿನ ನಾಲ್ಕೂ ನೀರಿನಾಗ ಹೋಮ ಮಾಡಿದಂಗೆ. 01437 ಅಂತ ಕೋಡ್ ಬಂದ್ರೆ ಎತ್ತರ ಕಲಿತಿಲ್ಲ ಅಂತ ಅರ್ಥ. ಇಗ್ನಿಷನ್ ಆರಿಸಿ, ಮತ್ತೆ ಲಾಗಿನ್‌ನಿಂದ ಶುರು ಮಾಡ್ರಿ.

ಎಡ ಬಲ ಅಂದ್ರೆ ಸೀಟಿನಾಗ ಕುಂತು ಮುಂದೆ ನೋಡಿದಾಗಿನ ಎಡ ಬಲ. ಹೊರದೇಶದ ವಿಡಿಯೋದಾಗ ಚಾನೆಲ್ 1ಕ್ಕೆ "ಡ್ರೈವರ್ ಸೈಡ್" ಅಂತಾರೆ, ಅವರ ಸ್ಟೇರಿಂಗ್ ಎಡಕ್ಕೈತೆ. ನಮ್ಮಲ್ಲಿ ಅದು ಪಕ್ಕದ ಸೀಟಿನ ಕಡೆ.

ಈಗ ನಿಮ್ಮ 4 ಮಿ.ಮೀ. ವಿಷಯ. ನಾಲ್ಕಕ್ಕೂ ಒಂದೇ ಅಂಕಿ ಬಡೀಬೇಡ್ರಿ. ಒಂದೊಂದು ಗಾಲಿಯದು ಅಳೆದಿದ್ದು ಎಷ್ಟೋ ಅದಕ್ಕೆ 20 ಕೂಡಿಸ್ರಿ. ಉದಾಹರಣೆಗೆ ಎಡ 454, ಬಲ 450 ಇದ್ರೆ 474 ಮತ್ತು 470. ಆಗ ಎರಡೂ ಒಂದೇ ಎತ್ತರಕ್ಕೆ ಬಂದು ನಿಲ್ತಾವು, ಹಳೇ ವ್ಯತ್ಯಾಸನೂ ಹೋಗ್ತೈತೆ. ಎರಡಕ್ಕೂ 470 ಹಾಕಿದ್ರೆ ಆ 4 ಮಿ.ಮೀ. ಸೊಟ್ಟನ್ನ ನೀವೇ ಕೈಯಾರೆ ಕಾಯಂ ಮಾಡಿದಂಗೆ.

ಅಂದಂಗೆ ಫೋಕ್ಸ್‌ವ್ಯಾಗನ್ ಟುವಾರೆಗ್ ಮೊದಲ ತಲೆಮಾರಿಗೆ ಮುಂದೆ 497, ಹಿಂದೆ 502 ಅಂತ ಅಂಕಿ ಎಲ್ಲಾ ಕಡೆ ಓಡಾಡ್ತೈತೆ. ಚಾಸಿ ಒಂದೇ ಜಾತಿ ಅಂತ ಅದನ್ನ ಕ್ಯೂ7ಗೆ ಹಾಕಬೇಡ್ರಿ. ಫೆಂಡರ್ ಬೇರೆ, ಅಳತೆ ಬೇರೆ.

ಬಿಸಿಲೂರು_ರಾಯಚೂರು

ಮೇಲಿನವರು ಹೇಳಿದ್ದು ಖರೆ ಅದ. ಆದ್ರ ಲ್ಯಾಪ್‌ಟಾಪ್ ಹಚ್ಚೂದಕ್ಕಿಂತ ಮೊದಲು ಗಾಳಿ ಸೋರ್ತದೇನು ನೋಡ್ರಿ ಸಾಹೇಬ್ರ. ಸೋರೂ ಗಾಡಿಗೆ ಕ್ಯಾಲಿಬ್ರೇಷನ್ ಮಾಡೂದು ತೂತು ಬಿದ್ದ ಕೊಡಕ್ಕ ಬಣ್ಣ ಹಚ್ಚಿದಂಗ.

ರಾತ್ರಿ ನಾಲ್ಕೂ ಮೂಲಿ ಅಳದು ಬರಕೊಂಡು, ಎಂಎಂಐದಾಗ (ಗಾಡಿಯ ಸ್ಕ್ರೀನ್ ಮೆನು) ಜ್ಯಾಕ್ ಮೋಡ್ ಹಾಕಿ, ತಾನೇ ಎತ್ತರ ಸರಿ ಮಾಡೂದು ಬಂದ್ ಮಾಡಿ ಬಿಡ್ರಿ. ಜ್ಯಾಕ್ ಮೋಡ್ ಯಾಕಂದ್ರ, ಬೀಗ ಹಾಕಿದ ಮ್ಯಾಲೂ ಕಂಟ್ರೋಲ್ ಯೂನಿಟ್ ನಡುವ ಎದ್ದು ಎತ್ತರ ಸರಿ ಮಾಡ್ತದ, ಸೋರಿಕೆ ಮುಚ್ಚಿ ಹೋಗ್ತದ. ಮುಂಜಾನೆ 12 ತಾಸಿನ ಮ್ಯಾಲೆ ಮತ್ತ ಅಳೀರಿ. ನಾಲ್ಕೂ ಕಡಿ ಕೆಲವು ಮಿ.ಮೀ. ಸಮ ಇಳಿದ್ರ ಹೆದರಬ್ಯಾಡ್ರಿ. ಸಂಜಿ 40 ಡಿಗ್ರಿ ಇದ್ದದ್ದು ನಸುಕಿಗೆ 28ಕ್ಕ ಬಂದ್ರ ಒಳಗಿನ ಗಾಳಿ ಶೇ. 4ರಷ್ಟು ಕುಗ್ಗತದ, ಭಾರ ಅಷ್ಟೇ ಇರ್ತದ. ಒಂದೇ ಮೂಲಿ ಕುಂತಿದ್ರ ಅದು ಸೋರಿಕೆ. ಒಂದು ಆಕ್ಸಲಿನ ಎರಡೂ ಕಡಿ ಕುಂತಿದ್ರ ಗಾಳಿ ಹಂಚೂ ವಾಲ್ವ್ ಬ್ಲಾಕ್ ಮ್ಯಾಲೂ ಕಣ್ಣಿಡ್ರಿ.

ಸೋಪಿನ ನೀರು ಎರಡು ಎತ್ತರದಾಗ ಹಾಕಿ ನೋಡಬೇಕು, ಎತ್ತರದ ಲಿಫ್ಟ್ ಮೋಡಿನಾಗ ಒಮ್ಮೆ, ತಗ್ಗಿನ ಡೈನಾಮಿಕ್‌ನಾಗ ಒಮ್ಮೆ. ಕಾರಣ ಅದ. ಗಾಳಿ ತುಂಬೂ ರಬ್ಬರ್ ಚೀಲ (ಬೆಲೋಸ್) ಪಿಸ್ಟನ್ ಮ್ಯಾಲೆ ಮಡಚಿಕೊಂಡು ಉರುಳ್ತದ. ಹತ್ತು ವರ್ಷ ಒಂದೇ ಪಟ್ಟಿಯೊಳಗ ಮಡಚಿದ ರಬ್ಬರನ್ನ ನೀವು 20 ಮಿ.ಮೀ. ಆಚೆ ಸರಿಸಿದ್ರ ಮಡಿಕಿ ಹೊಸ ಜಾಗಕ್ಕ ಬರ್ತದ. ಹಳೇ ಮಡಿಕಿನ ಬಿರುಕು ಬಾಯಿ ತೆರೀತದ. ಕ್ಯಾಲಿಬ್ರೇಷನ್ ಮಾಡಿದ ವಾರಕ್ಕ ಸೋರಾಕ ಹತ್ತು ಅಂತ ಬೈಯೂ ಮಂದಿ ಬಾಳ, ತಪ್ಪು ಲ್ಯಾಪ್‌ಟಾಪಿಂದಲ್ಲ. ನಿಮ್ಮದು ಸಂಡೂರು ಓಡಾಟ ಅಂತೀರಿ. ಧೂಳು ತಡಿಯೂ ರಬ್ಬರ್ ಹೊದಿಕಿ (ಗೈಟರ್) ಹರಿದಿದ್ರ ಅದಿರಿನ ಕೆಂಪು ಪುಡಿ ಮಡಿಕಿನಾಗ ಕುಂತು ಉಪ್ಪು ಕಾಗದದಂಗ ತಿಕ್ತದ. ಗೈಟರ್ ಮೊದಲು ನೋಡ್ರಿ.

ಕಂಪ್ರೆಸರ್ ಬಗ್ಗೆ. ಅದಕ್ಕ ಶಾಖದ ಮಿತಿ ಅದ, ತಲೆ ಕಾದ್ರ ತಾನೇ ನಿಲ್ತದ. ಮಾರ್ಚ್‌ದಿಂದ ಮೇ ತನಕ ನಮ್ಮ ಕಡೆ ಮಧ್ಯಾಹ್ನ ಈ ಕೆಲಸಕ್ಕ ಕೈ ಹಚ್ಚಬ್ಯಾಡ್ರಿ. ನಾಲ್ಕು ಸಲ ಏರಿಸಿ ಇಳಿಸೂದರಾಗ ಅರ್ಧಕ್ಕ ನಿಂತುಬಿಡ್ತದ, ನೀವು ಅಂಕಿ ತಪ್ಪಾತು ಅಂತ ತಲಿ ಕೆಡಿಸ್ಕೊಂಡು ಮತ್ತ ಹಾಕ್ತೀರಿ. ಮುಂಜಾನೆ 6ಕ್ಕ ಶುರು ಮಾಡ್ರಿ. ಕಂಪ್ರೆಸರ್‌ನ ಗಾಳಿ ಎಳಿಯೂ ಫಿಲ್ಟರ್ ಕೆಂಪಗಾಗಿದ್ರ ಬದಲಿ ಮಾಡ್ರಿ. ಪಿಸ್ಟನ್ ರಿಂಗ್ ಸವದಿದ್ದರ ಲಿಫ್ಟ್‌ಗೆ ಏರೂ ಹೊತ್ತು ಉದ್ದ ಆಗ್ತದ, ರಿಲೇ ಕಾಯ್ತದ, ಕಡಿಕ ಅಂಟಿಕೊಂಡು ಕಂಪ್ರೆಸರ್ ನಿಲ್ಲೂದೇ ಇಲ್ಲ. ಹಳೇ ಕಂಪ್ರೆಸರ್ ಇದ್ದಲ್ಲಿ ರಿಲೇ ಒಂದು ಹೊಸದು ಹಾಕೂದು ಸೋವಿ ಕೆಲಸ.

ತ್ರೀಡಿ_ಅಲೈನ್‌ಮೆಂಟ್_ಬಳ್ಳಾರಿ

40 ಯಾಕೆ ಬೇಡ ಅನ್ನೋದು ಯಾರೂ ಇನ್ನೂ ಪೂರ್ತಿ ಹೇಳಿಲ್ಲ, ಅದಕ್ಕೆ ಬರೀತಿದ್ದೇನೆ.

ಕ್ಯಾಲಿಬ್ರೇಷನ್‌ನಲ್ಲಿ ಇಳಿಸಿದ್ದು ಒಂದು ಮೋಡಿಗಲ್ಲ, ಎಲ್ಲಾ ಮೋಡಿಗೂ ಅನ್ವಯ. ಡೈನಾಮಿಕ್ ಮೊದಲೇ ಕೆಳಗಿದೆ, ಹೆದ್ದಾರಿ ವೇಗದಲ್ಲಿ ತಾನೇ ಇನ್ನೊಂದು ಮೆಟ್ಟಿಲು ಇಳಿಯುತ್ತೆ. ಅದರ ಮೇಲೆ ನಿಮ್ಮ 40 ಸೇರಿದರೆ ಸಸ್ಪೆನ್ಷನ್‌ಗೆ ಮೇಲಕ್ಕೆ ಹೋಗೋಕೆ ಉಳಿಯುವ ದಾರಿ ತೀರಾ ಕಡಿಮೆ, ಸಣ್ಣ ಗುಂಡಿಗೂ ಕೊನೆಯ ರಬ್ಬರ್ ತಡೆಗೆ (ಬಂಪ್ ಸ್ಟಾಪ್) ಹೊಡೆಯುತ್ತೆ. ಇನ್ನೊಂದು: ಭಾರ ಅಷ್ಟೇ ಇರೋದರಿಂದ ಗಾಳಿಯ ಒತ್ತಡ ಹೆಚ್ಚೂಕಮ್ಮಿ ಅಷ್ಟೇ ಇರುತ್ತೆ, ಆದರೆ ಗಾಳಿ ತುಂಬಿದ ಜಾಗ ಚಿಕ್ಕದಾಗುತ್ತೆ. ಜಾಗ ಚಿಕ್ಕದಾದಷ್ಟೂ ಸ್ಪ್ರಿಂಗ್ ಗಡುಸು. ಆರಾಮಕ್ಕೆ ಅಂತ ದುಡ್ಡು ಕೊಟ್ಟ ಏರ್ ಸಸ್ಪೆನ್ಷನ್ನು ಲಾರಿ ಪಟ್ಟೆಯ ಹಾಗೆ ಕುಣಿಯುತ್ತೆ. 40ರಲ್ಲಿ ಕೆಳಮೋಡಿನ ಹೊತ್ತಿಗೆ ಸೆನ್ಸರ್ ತನ್ನ ಓಟದ ಕೊನೆಗೂ ಹೋಗಬಹುದು, ಆಗ ಹಳದಿ ದೀಪ ಖಾಯಂ.

ಸಿಟಿಯ ಹಂಪ್ ವಿಚಾರ ನಿಮಗೇ ಗೊತ್ತು, ಅಳತೆ ಕೋಲು ಹಿಡಿದು ಹಾಕಿದ್ದು ಒಂದೂ ಇಲ್ಲ. ಲಿಫ್ಟ್ ಮೋಡ್ ಇದೆಯಲ್ಲ ಅಂತೀರಿ. ಲಿಫ್ಟ್ ಕೂಡ 20 ಕೆಳಗೇ ನಿಲ್ಲುತ್ತೆ. ಪ್ರತಿ ಹಂಪಿಗೂ ಲಿಫ್ಟ್ ಮಾಡ್ತಾ ಕೂತರೆ ಕಂಪ್ರೆಸರ್ ಆಯಸ್ಸು ತಿಂದ ಹಾಗೆ.

ಅಲೈನ್‌ಮೆಂಟ್ ಕಡ್ಡಾಯ. ಇಳಿದಾಗ ಮೇಲಿನ ತೋಳು ಗಾಲಿಯ ತಲೆಯನ್ನು ಒಳಗೆ ಎಳೆಯುತ್ತೆ, ಕ್ಯಾಂಬರ್ (ಗಾಲಿಯ ಓರೆ) ನೆಗೆಟಿವ್ ಹೆಚ್ಚುತ್ತೆ. ಟೈರಿನ ಒಳಅಂಚು ತಿನ್ನುವುದು ಕ್ಯಾಂಬರ್ ಒಂದರಿಂದಲ್ಲ, ಅದರ ಜೊತೆ ಟೋ (ಗಾಲಿಯ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರೋದು) ತಪ್ಪಿದಾಗ. ಎರಡು ಟನ್ ಮೀರಿದ ಗಾಡಿ, 20 ಇಂಚಿನ ಟೈರು, ಹಿಂದಿನ ಒಳಅಂಚು ಬಗ್ಗಿ ನೋಡದೆ ಕಾಣೋದೂ ಇಲ್ಲ. ನಾಲ್ಕೂ ಗಾಲಿಯ ಟೋ ಸೆಟ್ ಮಾಡಿಸಿ, ಮುಂದಿನದು ಮಾತ್ರ ಸಾಕು ಅನ್ನೋ ಕಡೆ ಹೋಗಬೇಡಿ. ಕ್ಯಾಲಿಬ್ರೇಷನ್ ಮೊದಲು, ಅಲೈನ್‌ಮೆಂಟ್ ಆಮೇಲೆ; ಮಧ್ಯೆ ಒಂದು 50 ಕಿ.ಮೀ. ಓಡಿಸಿ ಎತ್ತರ ಮತ್ತೆ ಅಳೆದು 5 ಮಿ.ಮೀ. ಒಳಗೆ ಇದ್ದರೆ ಬನ್ನಿ. ಅಲೈನ್‌ಮೆಂಟ್ ಮಾಡುವಾಗ ಗಾಡಿ ಆಟೋಮ್ಯಾಟಿಕ್ ಎತ್ತರದಲ್ಲೇ ಇರಬೇಕು. ಗಾಡಿ ಎತ್ತುವ ಮೊದಲು ಜ್ಯಾಕ್ ಮೋಡ್. ಇಲ್ಲದಿದ್ದರೆ ಗಾಲಿ ಜೋತುಬಿದ್ದಿದ್ದನ್ನು "ಎತ್ತರ ಜಾಸ್ತಿ" ಅಂದುಕೊಂಡು ಗಾಳಿಯೆಲ್ಲ ಬಿಟ್ಟುಬಿಡುತ್ತೆ.

ಹೆಡ್‌ಲೈಟ್: ಹಿಂದೆ ಮುಂದೆ ಎರಡೂ ಸಮ 20 ಇಳಿಸಿದರೆ ಬೆಳಕಿನ ಕೋನ ಬದಲಾಗಲ್ಲ, ದೀಪ 20 ಮಿ.ಮೀ. ತಗ್ಗುತ್ತೆ ಅಷ್ಟೆ. ಆದರೆ ನೋಟಕ್ಕೆ ಚೆನ್ನ ಅಂತ ಹಿಂದೆ ಮಾತ್ರ 10 ಹೆಚ್ಚು ಇಳಿಸಿದಿರಿ ಅನ್ನಿ. ವೀಲ್‌ಬೇಸ್ 3002 ಮಿ.ಮೀ., 10 ಮಿ.ಮೀ. ಅಂದರೆ ಶೇ. 0.33 ಮೇಲಕ್ಕೆ. 25 ಮೀಟರ್ ದೂರದಲ್ಲಿ ಬೆಳಕು 8 ಸೆಂ.ಮೀ. ಮೇಲೆ ಬೀಳುತ್ತೆ. ಲೋ ಬೀಮ್‌ನ ಸಾಮಾನ್ಯ ಇಳಿಜಾರು ಶೇ. 1, ಅದರಲ್ಲಿ ಮೂರನೇ ಒಂದು ಭಾಗ ಅಲ್ಲೇ ಹೋಯ್ತು. ಆಟೋ ಲೆವೆಲಿಂಗ್ ಇದನ್ನು ಸರಿಪಡಿಸಲ್ಲ, ಯಾಕಂದರೆ ಗಾಡಿ ಸಮ ಇದೆ ಅಂತ ನೀವೇ ಅದನ್ನು ನಂಬಿಸಿದ್ದೀರಿ. ಏನೇ ಇರಲಿ, 55 ಹೆಡ್‌ಲೈಟ್ ಯೂನಿಟ್‌ನಲ್ಲಿ ಬೇಸಿಕ್ ಸೆಟ್ಟಿಂಗ್ ಗ್ರೂಪ್ 1 ಕೊಟ್ಟು, ದೀಪ ನಿಂತ ಮೇಲೆ ಸ್ಕ್ರೂನಲ್ಲಿ ಎತ್ತರ ಹೊಂದಿಸಿ, ಗ್ರೂಪ್ 2ರಲ್ಲಿ ಒಪ್ಪಿಸಿ. 34ರಲ್ಲಿ ಫಾಲ್ಟ್ ಇದ್ದರೆ 55 ಒಪ್ಪಲ್ಲ.

ಉದ್ದ ಬದಲಿಸುವ ಕಡ್ಡಿ ನಾನಂತೂ ಬೇಡ ಅಂತೀನಿ. ಕಡ್ಡಿ 10 ಮಿ.ಮೀ. ಬದಲಿಸಿದರೆ ಗಾಲಿ 10 ಇಳಿಯಲ್ಲ. ತೋಳಿನ ನಡುವೆ ಕಡ್ಡಿ ಕಟ್ಟಿದ್ದರೆ ಗಾಲಿ 20ರ ಹತ್ತಿರ ಇಳಿಯುತ್ತೆ. ಮುಂದಿನ ಹಿಂದಿನ ಲೆಕ್ಕ ಬೇರೆ ಬೇರೆ. ನಟ್ಟು ಸಡಿಲಾದರೆ ಎತ್ತರ ತಾನೇ ತೇಲಾಡುತ್ತೆ. ಜೊತೆಗೆ ಸೆನ್ಸರ್ ತನ್ನ ನಡುಭಾಗ ಬಿಟ್ಟು ಅಂಚಿನಲ್ಲಿ ಕೆಲಸ ಮಾಡುತ್ತೆ. ಅದರ ಒಂದೇ ಅನುಕೂಲ ಅಂದರೆ ಲ್ಯಾಪ್‌ಟಾಪ್ ಇಲ್ಲದೆ ಬಿಚ್ಚಬಹುದು.

ಹಾಗಂತ ಇರುವ ಕಡ್ಡಿ ನೋಡದೆ ಬಿಡಬೇಡಿ. ಎರಡೂ ತುದಿಯ ಬಾಲ್ ಜಾಯಿಂಟ್ ಕೈಯಲ್ಲಿ ಅಲ್ಲಾಡಿಸಿ. ಕೆಂಪು ಧೂಳು ಕೂತು ಬಿಗಿಯಾಗಿದ್ದರೆ ಬ್ರಾಕೆಟ್ ಬಾಗಿರುತ್ತೆ. ಎಡ ಮುಂದಿನ 4 ಮಿ.ಮೀ. ಅಲ್ಲಿಂದಲೇ ಬಂದಿದ್ದರೂ ಆಶ್ಚರ್ಯವಿಲ್ಲ. ಬಾಗಿದ್ದು ಹಾಗೇ ಇಟ್ಟು ಕ್ಯಾಲಿಬ್ರೇಷನ್ ಮಾಡಿದರೆ ಇವತ್ತು ಸರಿ, ನಾಳೆ ಇನ್ನಷ್ಟು ಬಾಗಿದಾಗ ಮತ್ತೆ ಸೊಟ್ಟ. ಪ್ರೆಶರ್ ವಾಷ್ ಮಾಡಿಸುವಾಗ ನೀರಿನ ಜೆಟ್ ನೇರ ಅಲ್ಲಿಗೆ, ಗೈಟರಿಗೆ ಹಿಡಿಯಬಾರದು.

ಕೊಪ್ಪಳ_ಸ್ಟಾರ್

ಬೆಂಝ್ ಇರುವವರು ಇದನ್ನು ಓದಿ ಹಾಗೇ ಮಾಡಲು ಹೋಗಬೇಡಿ. ಡಬ್ಲ್ಯು211 (ಇ ಕ್ಲಾಸ್), ಡಬ್ಲ್ಯು221 (ಎಸ್ ಕ್ಲಾಸ್) ಗಾಡಿಗಳ ಏರ್ ಸಸ್ಪೆನ್ಷನ್ ಆದ ಏರ್‌ಮ್ಯಾಟಿಕ್‌ನಲ್ಲಿ ಫೆಂಡರ್ ಅಂಚಿನ ಮಿ.ಮೀ. ಲೆಕ್ಕವಲ್ಲ. ಬೆಂಝ್‌ನದೇ ಸ್ಟಾರ್ ಡಯಾಗ್ನಾಸಿಸ್ ಉಪಕರಣ ಬೇಕು, ತೋಳುಗಳ ಓರೆಯನ್ನು ಕೋನಮಾಪಕದಿಂದ ಡಿಗ್ರಿಯಲ್ಲಿ ಅಳೆದು ಹಾಕಬೇಕು. ತೋಳಿನ ಮೇಲೆ ಮಾಪಕ ಸರಿಯಾದ ಜಾಗದಲ್ಲಿ ಕೂರದಿದ್ದರೆ ಅರ್ಧ ಡಿಗ್ರಿ ತಪ್ಪಿಗೇ ಎತ್ತರ ಕಣ್ಣಿಗೆ ಕಾಣುವಷ್ಟು ಬದಲಾಗುತ್ತೆ.

ಇನ್ನೊಂದು ಮಾತು ಎಲ್ಲ ಗಾಡಿಗೂ: ಗಾಳಿಯ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ಜ್ಯಾಕ್ ಮೋಡ್ ಹಾಕಿದ್ದೇನೆ ಅನ್ನೋದು ಸಾಲದು, ಸ್ಟ್ಯಾಂಡ್ ಕೊಡಿ. ಸೋಪು ನೀರು ಹಾಕುವಾಗಲೂ ಅಷ್ಟೆ.

ಮೋಕಾರಸ್ತೆ_ಟಿಡಿಐ

ಧನ್ಯವಾದ. 20ಕ್ಕೇ ಒಪ್ಪಿದೆ, ಹಿಂದೆ ಮುಂದೆ ಸಮ. ಎರಡು ಅನುಮಾನ ಉಳಿದಿವೆ. ಬ್ಯಾಟರಿ ಬಿಚ್ಚಿದರೆ ಈ ಅಂಕಿ ಅಳಿದುಹೋಗುತ್ತಾ? 20 ಮಾಡಿದ ಮೇಲೆ ಇನ್ನೊಂದು 5 ಬೇಕು ಅನ್ನಿಸಿದರೆ, ಆಗಿನ ಅಳತೆಗೆ 5 ಕೂಡಿಸಿ ಹಾಕಿದರೆ ಸಾಕಲ್ವಾ? ಮತ್ತೆ ಆರ್‌ಟಿಓ, ಇನ್ಶೂರೆನ್ಸ್ ತಕರಾರು ಏನಾದರೂ?

ಸ್ಪ್ಯಾನರ್_ಗಂಗಾವತಿ

ಬ್ಯಾಟರಿ ಬಿಚ್ಚಿದ್ರೂ ಉಳಿತೈತೆ, ಅಳಿಯಲ್ಲ. ಸೆನ್ಸರ್ ಅಥವಾ ಕಂಟ್ರೋಲ್ ಯೂನಿಟ್ ಬದಲಿಸಿದ್ರೆ ಮಾತ್ರ ಮತ್ತೆ ಮಾಡಬೇಕು. ಬೇರೆ ಗ್ಯಾರೇಜಿನಾಗ ಯಾರಾದ್ರೂ "ಎತ್ತರ ತಪ್ಪೈತೆ" ಅಂತ ಸರಿ ಮಾಡಿ ಕೊಟ್ರೆ ನಿಮ್ಮ 20 ಹೋಯ್ತು, ಹಂಗಾಗಿ ಸರ್ವಿಸಿಗೆ ಬಿಡುವಾಗ ಹೇಳಿ ಬಿಡ್ರಿ.

5 ಕೂಡಿಸೋದು ತಪ್ಪು, ಇಲ್ಲೇ ಬಾಳ ಮಂದಿ ಎಡವೋದು. ನೀವು ಹೊಸದಾಗಿ ಅಂಕಿ ಕೊಟ್ಟಾಗ ಹಳೇ ಸುಳ್ಳು ಅಳಿದುಹೋಗ್ತೈತೆ, ಒಂದರ ಮೇಲೊಂದು ಸೇರಲ್ಲ. 20 ಇಳಿದ ಗಾಡಿಗೆ ಆಗಿನ ಅಳತೆ ಮೇಲೆ 5 ಕೂಡಿಸಿ ಹಾಕಿದ್ರೆ ಅದು ಕಂಪನಿ ಎತ್ತರಕ್ಕಿಂತ 5 ಕೆಳಗೆ ನಿಲ್ತೈತೆ, ಅಂದ್ರೆ 15 ಮೇಲೇಳ್ತೈತೆ. ಒಟ್ಟು 25 ಬೇಕಂದ್ರೆ ಆ ಹೊತ್ತಿನ ನಿಜವಾದ ಅಳತೆಗೆ ಪೂರ್ತಿ 25 ಕೂಡಿಸ್ರಿ. ಮೊದಲಿನಂಗೆ ಬೇಕಂದ್ರೆ ಏನೂ ಕೂಡಿಸದೆ ಅಳೆದಿದ್ದನ್ನೇ ಹಾಕ್ರಿ, ಕಂಪನಿ ಎತ್ತರಕ್ಕೆ ಹೋಗಿ ನಿಲ್ತೈತೆ.

ಕಾನೂನಿಂದು: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಆರ್‌ಸಿಯಾಗಿರೋ ವಿವರ ಬದಲಾಗೋ ಹಂಗೆ ಗಾಡಿ ಮಾರ್ಪಾಡು ಮಾಡಬಾರದು ಅಂತೈತೆ. ಇಲ್ಲಿ ಭಾಗ ಏನೂ ಬದಲಾಗಲ್ಲ, ಆದ್ರೂ ಇನ್ಶೂರೆನ್ಸಿನೋರಿಗೆ ಒಂದು ಮೇಲ್ ಹಾಕಿ ಉತ್ತರ ಇಟ್ಕೊಳ್ರಿ.

ಮತ್ತೆ, ಅಳತೆ ಚೀಟಿ ಎಸೀಬೇಡ್ರಿ. ಕೆಲಸಕ್ಕೆ ಮೊದಲು ಆಟೋಮ್ಯಾಟಿಕ್, ಡೈನಾಮಿಕ್, ಲಿಫ್ಟ್ ಮೂರರಾಗೂ ನಾಲ್ಕೂ ಗಾಲಿ ಅಳೆದು, ತಾರೀಖು ಹಾಕಿ, ಗ್ಲೋವ್ ಬಾಕ್ಸಿನಾಗ ಇಡ್ರಿ. ಮುಂದೆ ಒಂದು ಮೂಲೆ ಕುಂತ್ರೆ ಸೋರಿಕೆನೋ ಸೆನ್ಸರ್ರೋ ಅಂತ ಆ ಹನ್ನೆರಡು ಅಂಕಿ ನೋಡಿದ್ರೇ ಗೊತ್ತಾಗ್ತೈತೆ: ಸೋರಿಕೆ ಆದ್ರೆ ನಿಲ್ಲಿಸಿಟ್ಟಾಗ ಕೂರ್ತೈತೆ, ಎಂಜಿನ್ ಚಾಲೂ ಮಾಡಿದ್ರೆ ಚೀಟಿಯ ಅಂಕಿಗೆ ಮತ್ತೆ ಏಳ್ತೈತೆ. ಸೆನ್ಸರ್ ಕಡ್ಡಿ ಬಾಗಿದ್ರೆ ಎಂಜಿನ್ ಓಡ್ತಿದ್ರೂ ಮೂರೂ ಮೋಡಿನಾಗ ಅಷ್ಟಷ್ಟೇ ತಪ್ಪಿರ್ತೈತೆ.